ಪದಚರ್ಚೆ: ‘ಭಕ್ಷಣೆ’ ಅಂದರೆ ನುಂಗುವುದೋ, ಅರಗಿಸುವುದೋ?

ಗೆಳೆಯರೇ, ನಮಸ್ಕಾರ.

ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಮುಂದಿನ ವಾರ ನಮ್ಮೂರ ಡೈರಿಗೆ ಹಾಲು ಹಾಕುವ ಹೆಂಗಸರಿಗೆ ಕಂದು ರೋಗದ ಬಗ್ಗೆ ಅರ್ಧ ಗಂಟೆ ಮಾತಾಡಬೇಕು, ಒಂದು ಹಾಳೆ ಬರೆದು ಹಂಚಬೇಕು. ಬರೆಯಲು ಕೂತರೆ ಒಂದು ಪದದ ಹತ್ತಿರ ಪೆನ್ನು ನಿಂತುಬಿಟ್ಟಿದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಕಂದು ರೋಗ ಅಂದರೆ ಬ್ರುಸೆಲ್ಲೋಸಿಸ್. ಪೇಟೆಯವರು ಇದನ್ನು ಬಣ್ಣದ ಕಂದು ಅಂದುಕೊಳ್ಳುತ್ತಾರೆ. ನಮ್ಮ ಕಡೆ ದಿನ ತುಂಬುವ ಮೊದಲೇ ಕರು ಬಿದ್ದುಹೋದರೆ ‘ಹಸು ಕಂದು ಹಾಕಿತು’ ಅನ್ನುತ್ತೇವೆ. ಆ ಕಂದು ಇದು. ರೋಗದ ಲಕ್ಷಣವನ್ನೇ ಹೆಸರಾಗಿಸಿದ ಪದ. ಇಂಥದ್ದು ಸಿಕ್ಕಾಗ ಬೇರೆ ಏನೂ ಬೇಡ.

ತೊಡಕು ಶುರುವಾಗುವುದು ರೋಗ ಒಳಗೆ ಹೋದ ಮೇಲೆ. ನಾಲ್ಕು ವರ್ಷದ ಹಿಂದೆ ನಮ್ಮ ಸೀಮೆ ಹಸು ಏಳು ತಿಂಗಳಿಗೆ ಕಂದು ಹಾಕಿತು. ಕರುವಿನ ಹಿಂದೆ ಬೀಳಬೇಕಾದ ಗರ್ಭದ ಪೊರೆ, ಅಂದರೆ ಕಸ, ಬೀಳಲಿಲ್ಲ. ಅಪ್ಪ ಬರಿಗೈಯಲ್ಲೇ ತೆಗೆದರು, ಬೂದಿ ಹಾಕಿ ಕೈ ತೊಳೆದುಕೊಂಡರು. ತಿಂಗಳಾಗುವಷ್ಟರಲ್ಲಿ ಅವರಿಗೆ ಸಂಜೆ ಹೊತ್ತು ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ಸೊಂಟ ನೋವು. ಒಂದು ಕಡೆ ಟೈಫಾಯ್ಡ್ ಅಂತ ಎರಡು ಸಲ ಔಷಧಿ ಕೊಟ್ಟರು. ಜ್ವರ ಹೋಗುವುದು, ಮತ್ತೆ ಬರುವುದು. ಕೊನೆಗೆ ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡೂ ಸೇರಿಸಿ ಆರು ವಾರ ನುಂಗಬೇಕು ಅಂದರು.

ಆರು ವಾರ ಯಾಕೆ ಅಂತ ಅಪ್ಪ ಕೇಳಿದರು. ನಾನು ಪಾಠ ಮಾಡುವ ಧಾಟಿಯಲ್ಲೇ ಹೇಳಿದೆ: ‘ಬ್ಯಾಕ್ಟೀರಿಯಾ ರಕ್ತದಲ್ಲಿ ಸುಮ್ನೆ ತೇಲುತ್ತಿಲ್ಲ ಅಪ್ಪಾ. ಅದನ್ನು ತಿನ್ನಬೇಕಾದ ಭಕ್ಷಕ ಕೋಶದ ಒಳಗೇ ಕೂತಿದೆ.’ ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. ‘ಹಂಗಾದ್ರೆ ನುಂಗೈತೆ, ಅರಗಿಲ್ಲ ಅನ್ನು’ ಅಂದರು.

ಅಷ್ಟೇ ವಿಷಯ. ಕೋಶ ರೋಗಾಣುವನ್ನು ಹಿಡಿದು ತಿನ್ನುವುದಕ್ಕೆ (ಫ್ಯಾಗೊಸೈಟೋಸಿಸ್) ನಾನು ವರ್ಷಗಟ್ಟಲೆ ‘ಜೀವಕೋಶ ಭಕ್ಷಣೆ’ ಅಂತ ಬೋರ್ಡಿನ ಮೇಲೆ ಬರೆದಿದ್ದೇನೆ. ಆ ಪದದಲ್ಲಿ ನುಂಗುವುದೂ ಅರಗಿಸುವುದೂ ಕಲಸಿಹೋಗಿವೆ. ಭಕ್ಷಿಸಿತು ಅಂದ ಕೂಡಲೇ ಕಥೆ ಮುಗಿಯಿತು ಅಂತ ಕಿವಿಗೆ ಬೀಳುತ್ತದೆ. ಆದರೆ ಈ ರೋಗ ಇರುವುದೇ ಆ ಎರಡರ ನಡುವಿನ ಜಾಗದಲ್ಲಿ ಅಲ್ವಾ?

ಪದ ಹುಟ್ಟಿದ ಬಗೆ ನೋಡಿದರೆ ಯಾರನ್ನೂ ದೂರುವ ಹಾಗಿಲ್ಲ. 1882ರಲ್ಲಿ ರಷ್ಯಾದ ಜೀವವಿಜ್ಞಾನಿ ಮೆಚ್ನಿಕಾಫ್ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ಅಂಥ ಕೋಶಕ್ಕೆ ಅವರು ಇಟ್ಟುಕೊಂಡ ‘ಫ್ಯಾಗೊಸೈಟ್’ ಅನ್ನುವ ಗ್ರೀಕ್ ಹೆಸರಿನಲ್ಲೇ ‘ತಿನ್ನು’ ಇದೆ. ನಮ್ಮವರು ಅದನ್ನು ಸಂಸ್ಕೃತದ ಬಟ್ಟೆ ತೊಡಿಸಿ ತಂದರು. ಆದರೆ ನಮ್ಮ ಸೀಮೆಯಲ್ಲಿ ನುಂಗುವುದು, ಅಗಿಯುವುದು, ಅರಗುವುದು ಯಾವತ್ತೂ ಬೇರೆ ಬೇರೆ. ಮುದ್ದೆ ಉಣ್ಣುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅರಗುವುದು ಆಮೇಲಿನ ಮಾತು, ಹೊಲದಲ್ಲಿ. ನನ್ನ ತರಗತಿಯಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳೂ ತುಂಬಾ ಇದ್ದಾರೆ. ಅವರಿಗೂ ‘ಮಿಂಗು’ ಬೇರೆ, ‘ಅರುಗು’ ಬೇರೆ.

ಕೋಶದೊಳಗೆ ನಡೆಯುವುದೂ ಹೀಗೇ, ಎರಡು ಹೆಜ್ಜೆಯಲ್ಲಿ. ಮೊದಲು ಕೋಶ ತನ್ನ ಪೊರೆಯನ್ನು ಚಾಚಿ ಬ್ಯಾಕ್ಟೀರಿಯಾವನ್ನು ಸುತ್ತಿ ಒಳಗೆ ಎಳೆದುಕೊಳ್ಳುತ್ತದೆ. ಈಗ ಅದು ಒಂದು ಪುಟ್ಟ ಚೀಲದಲ್ಲಿದೆ. ಆಮೇಲೆ ಲೈಸೋಸೋಮ್ ಅನ್ನುವ ಇನ್ನೊಂದು ಚೀಲ ಬಂದು ಆ ಚೀಲದ ಜೊತೆ ಕೂಡಿಕೊಳ್ಳಬೇಕು. ಅದರೊಳಗಿನ ಹುಳಿ, ಕಿಣ್ವ ಎಲ್ಲ ಸುರಿದಾಗಲೇ ಅರಗುವುದು. ಕ್ಷಯದ ಬ್ಯಾಕ್ಟೀರಿಯಾ ಈ ಎರಡು ಚೀಲ ಕೂಡದ ಹಾಗೆ ತಡೆದು ಅಲ್ಲೇ ಬಿಡಾರ ಹೂಡುತ್ತದೆ. ಕಂದು ರೋಗದ ಬ್ಯಾಕ್ಟೀರಿಯಾದ್ದು ಇನ್ನೊಂದು ಉಪಾಯ. ಅರಗುವ ದಾರಿಯಿಂದ ಜಾರಿಕೊಂಡು, ಕೋಶ ತನ್ನ ಪ್ರೋಟೀನ್ ತಯಾರಿಸುವ ಜಾಗದ ಪೊರೆಯನ್ನೇ ಹೊದ್ದುಕೊಂಡು, ಅಲ್ಲಿ ಮರಿ ಹಾಕುತ್ತದೆ. ಅಲ್ಲಿಗೂ ಮುಟ್ಟುವ ಔಷಧಿ ಬೇಕು, ಜಾಸ್ತಿ ದಿನ ಬೇಕು. ಅಪ್ಪನ ಆರು ವಾರದ ಲೆಕ್ಕ ಇದು.

ಹಾಗಾಗಿ ನನ್ನ ಹಾಳೆಯಲ್ಲಿ ‘ಭಕ್ಷಣೆ’ ತೆಗೆದು ‘ಕೋಶ ನುಂಗುತ್ತದೆ’, ‘ಕೋಶ ಅರಗಿಸುತ್ತದೆ’ ಅಂತ ಎರಡಾಗಿ ಬರೆದಿದ್ದೇನೆ. ‘ಕಬಳಿಸು’ ಅಂತಲೂ ಯೋಚಿಸಿದೆ. ಕಬಳ ಅಂದರೆ ತುತ್ತೇ. ಆದರೆ ಈಗ ಆ ಮಾತು ಕೇಳಿದರೆ ಜನಕ್ಕೆ ಕೆರೆ ಅಂಗಳ, ಗೋಮಾಳ ನೆನಪಾಗುತ್ತವೆ. ಬೇಡ ಅನ್ನಿಸಿತು. ಲೈಸೋಸೋಮ್‌ಗೆ ‘ಅರಗುಚೀಲ’ ಅಂತ ಬರೆದು ಹೊಡೆದುಹಾಕಿದೆ. ಅರಗಿನ ಮನೆಯ ಅರಗು ಅಂದುಕೊಂಡಾರು. ‘ಅರಗಿಸುವ ಚೀಲ’ ಉದ್ದವಾದರೂ ತಪ್ಪು ತಿಳಿಯುವುದಿಲ್ಲ.

ಇನ್ನೊಂದು ಪದ ‘ಆಕ್ರಮಣ’. ಬ್ಯಾಕ್ಟೀರಿಯಾ ಕೋಶದ ಮೇಲೆ ಆಕ್ರಮಣ ಮಾಡುತ್ತದೆ ಅಂತ ಪುಸ್ತಕಗಳಲ್ಲಿ ಇರುತ್ತದೆ. ಮಕ್ಕಳು ಕೋಟೆ ಬಾಗಿಲು ಒಡೆದು ನುಗ್ಗುವ ಚಿತ್ರ ಬರೆಯುತ್ತಾರೆ. ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಮಾಡುವುದು ಅದಲ್ಲ. ಅದರ ಮೈ ಮೇಲೆ ಸಿರಿಂಜಿನ ಸೂಜಿಯಂಥ ರಚನೆಗಳಿವೆ. ಕರುಳಿನ ಕೋಶಕ್ಕೆ ಅಂಟಿಕೊಂಡು ಅದರಿಂದ ತನ್ನ ಪ್ರೋಟೀನ್‌ಗಳನ್ನು ಒಳಗೆ ಚುಚ್ಚುತ್ತದೆ. ಆಗ ಕೋಶದ ಒಳ ಹಂದರ ಅಲುಗಾಡಿ, ಪೊರೆ ಹಾಲು ಉಕ್ಕಿದ ಹಾಗೆ ಮೇಲೆದ್ದು, ತಾನೇ ಬ್ಯಾಕ್ಟೀರಿಯಾವನ್ನು ಸುತ್ತಿ ಒಳಗೆ ತೆಗೆದುಕೊಳ್ಳುತ್ತದೆ. ನುಂಗುವ ಅಭ್ಯಾಸವೇ ಅಷ್ಟಾಗಿ ಇಲ್ಲದ ಕೋಶ ಅದು! ಅದರ ಕೈಯಲ್ಲಿ ನುಂಗಿಸಿಬಿಡುತ್ತದೆ.

ಇದಕ್ಕೆ ಕನ್ನಡದಲ್ಲಿ ಸಿದ್ಧವಾದ ಕ್ರಿಯಾಪದ ಇದೆ ಅಂತ ಹೊಳೆದಾಗ ನಿಜವಾಗಿ ಖುಷಿಯಾಯಿತು: ‘ನುಂಗಿಸಿಕೊಳ್ಳು’. ಹೊಡೆಸಿಕೊಳ್ಳು, ಬೈಸಿಕೊಳ್ಳು, ಕರೆಸಿಕೊಳ್ಳು ಅನ್ನುವ ಹಾಗೆ. ‘ಸಾಲ್ಮೊನೆಲ್ಲಾ ಕರುಳಿನ ಕೋಶದಿಂದ ನುಂಗಿಸಿಕೊಳ್ಳುತ್ತದೆ.’ ಯಾರು ಮಾಡಿಸಿದರು, ಯಾರು ಮಾಡಿದರು, ಲಾಭ ಯಾರಿಗೆ, ಮೂರೂ ಒಂದೇ ಪದದಲ್ಲಿ ಬಂತು. ‘ಕೋಶದಿಂದ’ ಅನ್ನಬೇಕೋ ‘ಕೋಶದ ಕೈಲಿ’ ಅನ್ನಬೇಕೋ, ಇದು ನಿಮಗೆ ನನ್ನ ಮೊದಲ ಪ್ರಶ್ನೆ. ನನಗೆ ‘ಕೈಲಿ’ ಇಷ್ಟ. ಬರಹದಲ್ಲಿ ಒಪ್ಪುತ್ತಾರಾ?

ರೋಗಾಣು ಹೊಕ್ಕ ಕೋಶವನ್ನು ಪುಸ್ತಕಗಳಲ್ಲಿ ‘ಆತಿಥೇಯ ಕೋಶ’ ಅನ್ನುತ್ತಾರೆ. ಆ ಮಾತು ನಮ್ಮ ಪದಚರ್ಚೆಯಲ್ಲಿ ಬಹಳ ಸಲ ಬಂದಿದೆ. ನನಗೂ ಆ ಪದ ಸೇರುವುದಿಲ್ಲ. ಕರೆಯದೆ ಬಂದು ಮನೆ ಹಾಳು ಮಾಡುವವನು ಅತಿಥಿ ಹೇಗಾಗುತ್ತಾನೆ? ಬಂದಳಿಕೆ ಅಂದರೆ ಮರದ ಮೇಲೆ ಬೆಳೆದು ಅದರ ಸಾರ ಹೀರುವ ಗಿಡ. ಶ್ರೀನಿವಾಸಪುರದ ಕಡೆ ಮಾವಿನ ತೋಟದವರು ‘ಬಂದಳಿಕೆ ಹಿಡಿದ ಮರ’ ಅನ್ನುತ್ತಾರೆ. ಆಶ್ರಯ ಕೊಟ್ಟ ಮರ ಅನ್ನುವುದಿಲ್ಲ. ಹಾಳೆಯಲ್ಲಿ ನಾನು ಬರೀ ‘ನಮ್ಮ ಕೋಶ’ ಅಂತ ಬರೆದಿದ್ದೇನೆ. ಓದುವವರದ್ದೇ ತಾನೆ ಕೋಶ.

ಕೊನೆಗೆ ‘ಸ್ವಭಕ್ಷಣೆ’. ಕೋಶ ತನ್ನದೇ ಹಳೇ ಸಾಮಾನನ್ನು ಚೀಲದಲ್ಲಿ ಕಟ್ಟಿ ಅರಗಿಸುವ ಕೆಲಸ. ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ಇದರ ಮೇಲಿನ ಕೆಲಸಕ್ಕೆ. ಇದೇ ಏರ್ಪಾಟು ರೋಗಾಣುಗಳ ಮೇಲೂ ನಡೆಯುತ್ತದೆ. ಸಾಲ್ಮೊನೆಲ್ಲಾ ಕೆಲವೊಮ್ಮೆ ತಾನಿದ್ದ ಚೀಲ ಹರಿದು ಕೋಶದೊಳಗೆ ಬಯಲಿಗೆ ಬೀಳುತ್ತದೆ. ಆಗ ಕೋಶ ಅದರ ಮೈಗೆಲ್ಲ ಯುಬಿಕ್ವಿಟಿನ್ ಅನ್ನುವ ಸಣ್ಣ ಪ್ರೋಟೀನ್ ಹಚ್ಚುತ್ತದೆ, ಸಂತೆಗೆ ಹೊರಟ ಕುರಿಗೆ ಬಣ್ಣ ಹಚ್ಚಿದ ಹಾಗೆ. ಗುರುತು ಬಿದ್ದದ್ದನ್ನು ಮತ್ತೆ ಹೊಸ ಚೀಲ ಬಂದು ಸುತ್ತಿಕೊಳ್ಳುತ್ತದೆ, ಅರಗಿಸುವ ಚೀಲಕ್ಕೆ ಒಯ್ಯುತ್ತದೆ. ಒಂದು ಸಲ ಅರಗದ್ದನ್ನು ಇನ್ನೊಂದು ಸಲ ಹಿಡಿಯುವ ಪ್ರಯತ್ನ. ಇದನ್ನು ಸ್ವಭಕ್ಷಣೆ ಅಂದರೆ ಮಕ್ಕಳು ‘ಕೋಶ ತನ್ನನ್ನೇ ತಿಂದುಕೊಂಡಿತಾ ಮಿಸ್?’ ಅನ್ನುತ್ತಾರೆ. ‘ಮರುನುಂಗು’ ಅನ್ನಬಹುದಾ ಅಂತ ಎರಡನೇ ಪ್ರಶ್ನೆ. ಹಳೇ ಸಾಮಾನಿಗೆ ಆ ಪದ ಹೊಂದುವುದಿಲ್ಲ, ಗೊತ್ತು. ರೋಗಾಣುವಿನ ಮಟ್ಟಿಗೆ ಸಾಕು.

ಮೂರನೆಯದು ಶಿರಾ, ಪಾವಗಡ, ಮಧುಗಿರಿ ಕಡೆಯವರಿಗೆ. ಕುರಿ, ಮೇಕೆ ಕಂದು ಹಾಕಿದರೆ ನಿಮ್ಮಲ್ಲಿ ಏನನ್ನುತ್ತಾರೆ? ಕಸಕ್ಕೆ ಮಾಸು ಅನ್ನುತ್ತಾರಾ, ಸತ್ತೆ ಅನ್ನುತ್ತಾರಾ? ‘ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗುಂಡಿ ತೋಡಿ ಹೂಳಿ, ಹಾಲು ಕಾಯಿಸದೆ ಕುಡಿಯಬೇಡಿ, ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಲಸಿಕೆ ಹಾಕಿಸಿ’ ಅನ್ನುವ ಸಾಲನ್ನು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಅಲ್ಲಿ ‘ಕಸ’ ಅಂದದ್ದನ್ನು ಯಾರೂ ಕೊಟ್ಟಿಗೆ ಗುಡಿಸಿದ ಕಸ ಅಂದುಕೊಳ್ಳಬಾರದು. ಗುರುವಾರದೊಳಗೆ ಹೇಳಿದರೆ ಜೆರಾಕ್ಸ್ ಮಾಡಿಸುವ ಮೊದಲು ತಿದ್ದುತ್ತೇನೆ.