ಎಲ್‌ಎಸ್‌ಡಿ ಗಿಡಮೂಲಿಕೆ ಇದ್ದ ಹಾಗಾ ಮೇಡಮ್?

ಪ್ರಶ್ನೆ, ರೋಣದಿಂದ: ಮೇಡಮ್ ನಮಸ್ಕಾರ. ನನ್ನ ತಮ್ಮ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುತ್ತಾನೆ. ಹಬ್ಬಕ್ಕೆ ಊರಿಗೆ ಬಂದಾಗ ಎಲ್‌ಎಸ್‌ಡಿ ಅನ್ನುವ ಅಮಲು ಪದಾರ್ಥದ ಮಾತು ತೆಗೆದ. ಅದು ಕಾಳಿನ ಬೂಷ್ಟಿನಿಂದ ಬಂದದ್ದು, ಗಿಡಮೂಲಿಕೆ ಇದ್ದ ಹಾಗೆ, ಚಟ ಹತ್ತುವುದಿಲ್ಲ, ವಿದೇಶದಲ್ಲಿ ಡಾಕ್ಟರೇ ಕೊಡುತ್ತಾರೆ ಅಂತೆ. ನೀನು ತಗೊಂಡೇನು ಅಂದರೆ ಇಲ್ಲ, ಗೆಳೆಯ ತಗೊಂಡಿದ್ದಾನೆ ಅಂತಾನೆ. ನನಗೆ ನಿದ್ದೆ ಹತ್ತುತ್ತಿಲ್ಲ. ಅವನು ಹೇಳಿದ್ದರಲ್ಲಿ ಎಷ್ಟು ನಿಜ?

ಉತ್ತರ: ಅಕ್ಕಾ, ನಾನು ಹುಬ್ಬಳ್ಳಿಯಲ್ಲಿ ಔಷಧ ಶಾಸ್ತ್ರ ಕಲಿಸುವವಳು. ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅವನ ಮಾತು ಗಟ್ಟಿ ಅನಿಸುತ್ತದೆ.

ನಿಮ್ಮ ಕಡೆ ಸಜ್ಜೆ ಬೆಳೆಯುತ್ತಾರೆ, ಅಲ್ವಾ? ಹೂವಾಡುವಾಗ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ ತೆನೆಯಿಂದ ಜೇನಿನ ಹಾಗೆ ಅಂಟು ಹನಿ ಇಳಿಯುತ್ತದೆ, ಆಮೇಲೆ ಕಾಳಿನ ಜಾಗದಲ್ಲಿ ಕರಿ ಗಟ್ಟಿ ತುಂಡು ಕಾಣುತ್ತದೆ. ಅದು ಅರ್ಗಟ್ ಅನ್ನುವ ಬೂಷ್ಟು. ಬೀಜವನ್ನು ಉಪ್ಪು ನೀರಿಗೆ ಹಾಕಿ ತೇಲಿದ್ದನ್ನು ತೆಗೆಯುವುದು ಇದಕ್ಕೇ. ಯುರೋಪಿನಲ್ಲಿ ರೈ ಅನ್ನುವ ಕಾಳಿಗೆ ಇದರದೇ ಬಳಗದ ಇನ್ನೊಂದು ಬೂಷ್ಟು ಬೀಳುತ್ತದೆ. ಹಿಂದೆ ಆ ಹಿಟ್ಟಿನ ರೊಟ್ಟಿ ತಿಂದವರಿಗೆ ರಕ್ತನಾಳ ಬಿಗಿದು ಕೈಕಾಲಿನ ಬೆರಳು ಕಪ್ಪಾಗಿ ಉದುರುತ್ತಿದ್ದವು. ಸಾವಿರಾರು ಜನ ಸತ್ತದ್ದೂ ಇದೆ. ಬೂಷ್ಟಿನಿಂದ ಬಂದದ್ದು ಅಂದ ಮಾತ್ರಕ್ಕೆ ಸೌಮ್ಯ ಅಂತ ಅಲ್ಲ.

ಆದರೆ ಅದೇ ವಿಷದಿಂದ ಒಳ್ಳೆಯ ಔಷಧಗಳೂ ಬಂದವು. ಹೆರಿಗೆ ಆದ ಮೇಲೆ ರಕ್ತ ನಿಲ್ಲಿಸಲು ಕೊಡುವ ಮೆಥರ್ಜಿನ್ ಇಂಜೆಕ್ಷನ್ ಇದೆಯಲ್ಲ, ಅದು ಈ ಮನೆತನದ್ದೇ. ಎಲ್‌ಎಸ್‌ಡಿ ಹುಟ್ಟಿದ್ದೂ ಇಂಥ ಹುಡುಕಾಟದಲ್ಲಿಯೇ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಯಾಂಡೋಜ್ ಔಷಧ ಕಂಪನಿಯ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಅರ್ಗಟ್‌ನ ಲೈಸರ್ಜಿಕ್ ಆಮ್ಲಕ್ಕೆ ಒಂದೊಂದೇ ಬಾಲ ಜೋಡಿಸಿ ನೋಡುತ್ತಿದ್ದರು. ಉಸಿರಾಟ, ರಕ್ತ ಸಂಚಾರಕ್ಕೆ ಚುರುಕು ಕೊಡುವ ಔಷಧ ಸಿಗುತ್ತದೇನೋ ಅಂತ. 1938ರಲ್ಲಿ ಮಾಡಿದ 25ನೆಯದು ಎಲ್‌ಎಸ್‌ಡಿ. ವಿಶೇಷ ಏನೂ ಕಾಣಲಿಲ್ಲ, ಪಕ್ಕಕ್ಕೆ ಇಟ್ಟರು. ಐದು ವರ್ಷ ಬಿಟ್ಟು ಮತ್ತೆ ಮಾಡುವಾಗ ಅದು ಹೇಗೋ ಅವರ ಮೈಗೆ ಸೇರಿ ತಲೆ ತಿರುಗಿತು. 1943ರ ಏಪ್ರಿಲ್ 19ರಂದು ಬೇಕೆಂದೇ 250 ಮೈಕ್ರೊಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಕಾಲು ಭಾಗ ತಗೊಂಡರು. ಅದೇ ಜಾಸ್ತಿ ಆಯಿತು. ಯುದ್ಧದ ಕಾಲ, ಕಾರು ಸಿಗಲಿಲ್ಲ, ಸೈಕಲ್ ಮೇಲೆ ಮನೆಗೆ ಹೋದರು. ಪಕ್ಕದ ಮನೆಯಾಕೆ ಅವರ ಕಣ್ಣಿಗೆ ಮಾಟಗಾತಿಯಂತೆ ಕಂಡಳು, ತನಗೆ ಹುಚ್ಚು ಹಿಡಿಯಿತು ಅಂತಲೇ ಹೆದರಿದರು.

ಹಾಗಾಗಿ ಇದು ಲ್ಯಾಬಿನಲ್ಲಿ ಮಾಡಿದ್ದು, ಗಿಡಮೂಲಿಕೆ ಅಲ್ಲ.

ಪ್ರಶ್ನೆ, ಹಾವೇರಿಯ ಮೆಡಿಕಲ್ ಶಾಪಿನವರು: ಮೇಡಮ್, ಎಲ್‌ಎಸ್‌ಡಿ ಮೂರು ತಾಸಿಗೆಲ್ಲಾ ರಕ್ತದಲ್ಲಿ ಅರ್ಧ ಇಳಿಯುತ್ತದೆ ಅಂತ ಓದಿದೆ. ಮತ್ತೆ ಅಮಲು ಹತ್ತು ತಾಸು ಯಾಕೆ?

ಉತ್ತರ: ಒಳ್ಳೆಯ ಪ್ರಶ್ನೆ ಅಣ್ಣಾ. ಮಿದುಳಿನಲ್ಲಿ ಸಿರೊಟೋನಿನ್ ಅನ್ನುವ ಸಂದೇಶ ಒಯ್ಯುವ ರಾಸಾಯನಿಕ ಬಂದು ಕೂರುವ ಜಾಗಗಳಿವೆ, ಅವು ಪ್ರೋಟೀನುಗಳು. ಎಲ್‌ಎಸ್‌ಡಿಯ ಮುಖ್ಯ ಆಟ ನಡೆಯುವುದು 2ಎ ಅನ್ನುವ ಜಾಗದಲ್ಲಿ. ಅದರ ಹತ್ತಿರದ ಸಂಬಂಧಿ 2ಬಿಯಲ್ಲಿ ಎಲ್‌ಎಸ್‌ಡಿ ಹೇಗೆ ಕೂರುತ್ತದೆ ಅಂತ 2017ರಲ್ಲಿ ಅಮೆರಿಕದ ಬ್ರಯಾನ್ ರಾತ್ ಅವರ ತಂಡ ಚಿತ್ರ ತೆಗೆದು ತೋರಿಸಿತು. ಅಣು ಒಳಗೆ ಹೋದ ಮೇಲೆ ಆ ಪ್ರೋಟೀನಿನ ಒಂದು ಭಾಗ ಡಬ್ಬಿಯ ಮುಚ್ಚಳದ ಹಾಗೆ ಮೇಲೆ ಬೀಳುತ್ತದೆ, ಅದು ಬೇಗ ಹೊರಗೆ ಬರುವುದಿಲ್ಲ. ರಕ್ತದಲ್ಲಿ ಇಳಿದರೂ ಕೆಲಸ ನಿಲ್ಲದಿರಲು ಇದೊಂದು ಕಾರಣ. ನನಗಂತೂ ಆ ಚಿತ್ರ ನೋಡಿದಾಗ ಬಹಳ ಖುಷಿ ಆಗಿತ್ತು.

ರೋಣದ ಅಕ್ಕ: ಅಂದರೆ ಡಾಕ್ಟರು ಕೊಡುತ್ತಾರೆ ಅನ್ನುವುದು? ಚಟದ ಮಾತು?

ಉತ್ತರ: 1947ರಿಂದ ಸ್ಯಾಂಡೋಜ್ ಅದನ್ನು ಡೆಲಿಸಿಡ್ ಹೆಸರಲ್ಲಿ ಮನೋವೈದ್ಯರಿಗೆ ಕೊಡುತ್ತಿತ್ತು. 1965ರಲ್ಲಿ ನಿಲ್ಲಿಸಿತು. ಈ ನಡುವೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಜನರಿಗೆ ಗೊತ್ತಿಲ್ಲದಂತೆಯೂ ಇದನ್ನು ಕುಡಿಸಿತು. ಅದು ಮಹಾ ಅನ್ಯಾಯ. ಈಗ ಮತ್ತೆ ಸಂಶೋಧನೆ ನಡೆದಿದೆ. ತೀವ್ರ ಆತಂಕದ ಕಾಯಿಲೆಗೆ ಇದನ್ನು ಪರೀಕ್ಷಿಸುವ ಕೆಲಸಕ್ಕೆ 2024ರಲ್ಲಿ ಅಮೆರಿಕದ ಔಷಧ ಇಲಾಖೆ ವಿಶೇಷ ಆದ್ಯತೆ ಕೊಟ್ಟಿತು. ಇದರಲ್ಲಿ ಭರವಸೆ ಇದೆ ಅಂತ ನಾನೂ ನಂಬುತ್ತೇನೆ. ಆದರೆ ಅಲ್ಲಿ ಅಳೆದ ಪ್ರಮಾಣ, ಪಕ್ಕದಲ್ಲಿ ಕೂತ ವೈದ್ಯರು ಇರುತ್ತಾರೆ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆ ಇದ್ದರೆ ಅಂಥವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ.

ಸಾರಾಯಿ, ಅಫೀಮಿನ ಹಾಗೆ ಚಟ ಹತ್ತುವುದಿಲ್ಲ, ಅದು ನಿಜ. ದಿನಾ ತಗೊಂಡರೆ ಕೆಲವೇ ದಿನದಲ್ಲಿ ಅಮಲು ಹತ್ತುವುದೇ ನಿಲ್ಲುತ್ತದೆ. ನನ್ನ ಭಯ ಬೇರೆ. ಎಲ್‌ಎಸ್‌ಡಿ ಹಚ್ಚಿದ್ದು ಅಂತ ರೂಮಿನಲ್ಲಿ ಕೈಗೆ ಬರುವ ಅಂಚೆ ಚೀಟಿಯಂಥ ಕಾಗದದಲ್ಲಿ ಏನಿದೆ, ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಎಲ್‌ಎಸ್‌ಡಿ ಅಂತ ಹೇಳಿ ಎನ್‌ಬೋಮ್ ಅನ್ನುವ ಬೇರೆ ರಾಸಾಯನಿಕ ಹಚ್ಚಿ ಮಾರುತ್ತಾರೆ, ಅದರಿಂದ ಹುಡುಗರು ಸತ್ತಿದ್ದಾರೆ. ಕಾನೂನೂ ಸಣ್ಣದಲ್ಲ. ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ 0.1 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಕಡಿಮೆ ಅಂದರೂ 10 ವರ್ಷ ಜೈಲು.

ತಮ್ಮನಿಗೆ ಬೈಯಬೇಡಿ ಅಕ್ಕಾ. ಬೈದರೆ ಮುಂದಿನ ಸಲ ಅವನು ಹೇಳುವುದೇ ಇಲ್ಲ. ಫೋನಿನಲ್ಲೂ ಬೇಡ, ಒಂದು ದಿನ ಧಾರವಾಡಕ್ಕೆ ಹೋಗಿ, ಜೊತೆ ಕೂತು ಊಟ ಮಾಡಿ, ಆಮೇಲೆ ಕೇಳಿ. ನಿದ್ದೆಗೆಟ್ಟಿದ್ದರೆ, ಒಬ್ಬನೇ ಮಾತಾಡಿಕೊಳ್ಳುತ್ತಿದ್ದರೆ, ಇಲ್ಲದ್ದು ಕಾಣುತ್ತದೆ ಅಂದರೆ ಅಲ್ಲೇ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಕರೆದುಕೊಂಡು ಹೋಗಿ. ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ರೋಣದ ಅಕ್ಕ: ರವಿವಾರ ಮುಂಜಾನೆ ಬಸ್ಸಿಗೆ ಹೊರಡುತ್ತೇನೆ ಮೇಡಮ್. ರೊಟ್ಟಿ ಬುತ್ತಿ ಕಟ್ಟಿಕೊಂಡೇ ಹೋಗುತ್ತೇನೆ.