ಬೇಸ್‌ಬಾಲ್ ಅಂಪೈರ್‌ಗಳೇ, ಕೋಚ್ ರೂಲ್ ಹೇಳಿಕೊಡಲು ಬಂದರೆ ನೀವೇನು ಮಾಡುತ್ತೀರಿ? ಅನುಭವ ಹೇಳಿ

ಹೊಸ ಅಂಪೈರ್: ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್ ಲೀಗಿನಲ್ಲಿ ಮೈನರ್ಸ್ (ಕಿರಿಯರ ವಿಭಾಗ) ಆಟಕ್ಕೆ ಅಂಪೈರ್ ಆಗಿ ಇದು ನನ್ನ ಮೊದಲ ಸೀಸನ್. ಮೊನ್ನೆ ಬ್ಯಾಟರ್‌ಗೆ ಎರಡು ಸ್ಟ್ರೈಕ್ ಆಗಿತ್ತು, ಮೂರನೆಯದಾದರೆ ಔಟ್. ಹುಡುಗ ಬ್ಯಾಟ್ ಬೀಸಿದ, ಬಾಲ್ ಬೆರಳಿಗೆ ಬಡಿಯಿತು. ಸ್ಟ್ರೈಕ್, ಡೆಡ್ ಬಾಲ್ (ಆಟ ಅಲ್ಲಿಗೆ ನಿಂತಿತು), ಔಟ್ ಅಂದೆ. "ಕೈ ಬ್ಯಾಟಿನ ಭಾಗ ಕಣ್ರೀ, ಫೌಲ್ ಅದು, ಔಟ್ ಅಲ್ಲ" ಎಂದು ಕೋಚ್ ಐದು ನಿಮಿಷ ಕೂಗಾಡಿದರು. ಕೈಕಾಲು ನಡುಗಿತು. ನೀವೆಲ್ಲ ಹೇಗೆ ಸಂಭಾಳಿಸಿದ್ದೀರಿ?

ಹಳೇ ಮಾಸ್ಕ್: ನನ್ನ ಕಥೆ ಕೇಳಿ. ಒಂದು ಔಟ್, ಮೊದಲ ಮತ್ತು ಎರಡನೇ ಬೇಸಿನಲ್ಲಿ ರನ್ನರ್. ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್ ಶಾರ್ಟ್‌ಸ್ಟಾಪ್, ಅವನ ತಲೆ ಮೇಲೆ ಬಾಲ್. ಇನ್‌ಫೀಲ್ಡ್ ಫ್ಲೈ (ಸುಲಭ ಕ್ಯಾಚ್, ಬಿಟ್ಟರೂ ಬ್ಯಾಟರ್ ಔಟ್, ರನ್ನರ್ ಓಡಲೇಬೇಕಿಲ್ಲ) ಎಂದು ಕೈ ಎತ್ತಿದೆ, ಆದರೆ ಬಾಯಿ ಬಿಡಲಿಲ್ಲ. ಅವನು ಕ್ಯಾಚ್ ಬಿಟ್ಟ, ಎರಡನೇ ಬೇಸಿನವನು ಹೆದರಿ ಓಡಿ ಸಿಕ್ಕಿಬಿದ್ದ. ಇಬ್ಬರೂ ಕೋಚ್‌ಗಳು ನನ್ನ ಮೇಲೇ ಬಂದರು. ಅಂದಿನಿಂದ ಒಂದೇ ಪಾಠ: ಮೊದಲು "ಟೈಮ್" ಎಂದು ಕೂಗಿ ಆಟ ನಿಲ್ಲಿಸಿ. ಮ್ಯಾನೇಜರ್ (ತಂಡದ ಮುಖ್ಯ ಕೋಚ್) ಒಬ್ಬರ ಜೊತೆ ಮಾತ್ರ ಎರಡು ಮಾತು, "ನಾನು ಕಂಡದ್ದು ಇದು, ರೂಲ್ ಇದು." ರೂಲ್ ಪುಸ್ತಕ ಮಾತ್ರ ಮೈದಾನದಲ್ಲಿ ತೆಗೆಯಬೇಡಿ.

ಮೂರನೇ ಬೇಸ್ ಕೋಚ್: ಎಲ್ಲ ತಪ್ಪೂ ಕೋಚ್‌ದೇ, ಅಲ್ವಾ? ಮೈನರ್ಸ್‌ನಲ್ಲಿ ಮೂರನೇ ಸ್ಟ್ರೈಕನ್ನು ಕ್ಯಾಚರ್ ಹಿಡಿಯದಿದ್ದರೂ ಬ್ಯಾಟರ್ ಔಟ್. ನಮ್ಮ ಆಟದ ಅಂಪೈರ್ ಹಾಗೆ ಔಟಾದ ಎದುರು ತಂಡದ ಬ್ಯಾಟರನ್ನು ಮೊದಲ ಬೇಸಿಗೆ ಬಿಟ್ಟರು. ಕೇಳಿದೆ. "ಜಡ್ಜ್‌ಮೆಂಟ್ ಕಾಲ್ (ಕಣ್ಣಳತೆಯ ತೀರ್ಪು), ಪ್ರೊಟೆಸ್ಟ್ (ಅಧಿಕೃತ ದೂರು) ಇಲ್ಲ" ಎಂದರು. ಸೇಫಾ ಔಟಾ ಅನ್ನೋದು ಜಡ್ಜ್‌ಮೆಂಟ್. ಇದು ರೂಲ್! ನಾನು ಪ್ರೊಟೆಸ್ಟ್ ಅನ್ನುವಷ್ಟರಲ್ಲಿ "ಪ್ಲೇ ಬಾಲ್" ಎಂದರು, ಮುಂದಿನ ಪಿಚ್ (ಎಸೆತ) ಬಿತ್ತು, ಪ್ರೊಟೆಸ್ಟ್ ಮಾಡುವ ನನ್ನ ಹಕ್ಕು ಹೋಯಿತು. ಆ ಇನಿಂಗ್ಸ್‌ನಲ್ಲಿ ಎರಡು ರನ್. ನಮ್ಮ ಪಿಚರ್‌ಗೆ 10 ವರ್ಷ, ದಿನದ ಮಿತಿ 75 ಪಿಚ್. ಆಗಲೇ 71 ಎಸೆದಿದ್ದ. ಸುಮ್ನೆ ನಿಂತಿರಬೇಕಿತ್ತಾ ನಾನು?

ಜೇಬಲ್ಲಿ ಪುಸ್ತಕ: ಅದಕ್ಕೇ ಪುಸ್ತಕ ಬೇಕು ಅನ್ನೋದು. ನಾನು ಯಾವಾಗಲೂ ಹಿಂದಿನ ಜೇಬಲ್ಲಿ ಇಟ್ಟಿರುತ್ತೇನೆ. ಬ್ಯಾಟಿಂಗ್ ಸರದಿ ತಪ್ಪಿದ ಒಂದು ಆಟದಲ್ಲಿ ಪುಟ ತೆಗೆದು ತೋರಿಸಿದೆ. 14 ನಿಮಿಷ ಹೋಯಿತು, ಕತ್ತಲಾಯಿತು, ಆಟ ನಿಂತಿತು. ಆದರೂ ತೀರ್ಪು ಸರಿ ಇತ್ತು!

ಹಳೇ ಮಾಸ್ಕ್: ಆಟ ನಿಲ್ಲಿಸಿ ಗೆದ್ದಿರಿ. ಭೇಷ್. ಸರದಿ ತಪ್ಪಿದ್ದನ್ನು ಎದುರು ತಂಡ ಅಪೀಲ್ ಮಾಡಿತ್ತಾ, ಇಲ್ಲಾ ನೀವೇ ಹೇಳಿಬಿಟ್ಟಿರಾ? ಅಂಪೈರ್ ಬಾಯಿ ಬಿಡಬಾರದು ಅದರಲ್ಲಿ.

ಜೇಬಲ್ಲಿ ಪುಸ್ತಕ: ಅಪೀಲ್ ಆಗಿತ್ತು ಸ್ವಾಮಿ. ಇನ್‌ಫೀಲ್ಡ್ ಫ್ಲೈ ಕೂಗಲು ಬಾಯಿ ಬಾರದವರಿಂದ ನಾನು ಕಲಿಯಬೇಕಾಗಿಲ್ಲ.

ಹಳೇ ಮಾಸ್ಕ್: ಹತ್ತೊಂಬತ್ತು ವರ್ಷದಲ್ಲಿ ಒಂದೇ ಸಲ ಅದು. ಹಾಕಿ ಆಟದ ಗೋಲ್‌ಕೀಪರ್ ಮಾಸ್ಕ್ ಹಾಕಿಕೊಂಡು ಬರುವವರು ನೀವೇ ಇರಬೇಕು.

ಜೇಬಲ್ಲಿ ಪುಸ್ತಕ: ಹೌದು, ನಾನೇ. ಹಲ್ಲು ಉಳಿದಿದೆ.

ಹೊಸ ಅಂಪೈರ್: ನನ್ನ ಬೆರಳಿನ ವಿಷಯ ಯಾರಾದರೂ ಹೇಳ್ತೀರಾ?

ಮೂರನೇ ಬೇಸ್ ಕೋಚ್: ನೀವು ಕೊಟ್ಟದ್ದೇ ಸರಿ. ಕೈ ಮನುಷ್ಯನದು, ಬ್ಯಾಟಿನದಲ್ಲ. ಆ ಕೋಚ್‌ಗೆ ಗೊತ್ತಿಲ್ಲ ಅಷ್ಟೇ. ಆದರೆ ನನ್ನ 71 ಪಿಚ್‌ಗೆ ಯಾರೂ ಉತ್ತರ ಕೊಡಲಿಲ್ಲ.