‘ಸಮುದಾಯ’ ಎಂದರೆ ಯಾರ ಸಮುದಾಯ? ಜಾಲತಾಣ ಬಿಟ್ಟು ಹೋಗುವುದಕ್ಕೆ ತಕ್ಕ ಪದ ಯಾವುದು?

ಮಾನ್ಯರೇ,

ಮಡಿಕೇರಿ, ಸೋಮವಾರಪೇಟೆ ಸುತ್ತಿನ ಕೆಲವು ಕಾಫಿ ಬೆಳೆಗಾರರು ತಮ್ಮ ತಮ್ಮ ತೋಟದಲ್ಲಿ ಬಿದ್ದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು ಭಾಗ) ಅಳೆದು, ಒಂದು ದೊಡ್ಡ ಕಂಪನಿಯ ಸಾಮಾಜಿಕ ಜಾಲತಾಣದ ಗುಂಪಿನಲ್ಲಿ ಹಲವು ವರ್ಷಗಳಿಂದ ಹಂಚಿಕೊಳ್ಳುತ್ತಿದ್ದಾರೆ. ಆ ತಾಣವು ಬರಹಗಳನ್ನು ಬಂದ ಹೊತ್ತಿನ ಕ್ರಮದಲ್ಲಿ ತೋರಿಸುವುದನ್ನು ಬಿಟ್ಟು ತನಗೆ ಬೇಕಾದ ಕ್ರಮದಲ್ಲಿ ತೋರಿಸತೊಡಗಿದ ಮೇಲೆ, ಕಾಫಿ ಗಿಡಗಳು ಹೂ ಬಿಡಲು ಬೇಕಾದ ಹೂಮಳೆಯ ಸುದ್ದಿ ಮೂರು ದಿನ ತಡವಾಗಿ, ಎರಡು ಜಾಹೀರಾತುಗಳ ನಡುವೆ ಕಾಣಿಸಿಕೊಳ್ಳುವಂತಾಯಿತು. ಪಕ್ಕದ ಊರಿಗೆ ಮಳೆ ಬಂದಿತೇ ಎಂದು ನೋಡಿಕೊಂಡು ಸ್ಪ್ರಿಂಕ್ಲರ್ ಹಾಕುವುದೋ ಬಿಡುವುದೋ ಎಂದು ತೀರ್ಮಾನಿಸುವವರಿಗೆ ಅಂಥ ಸುದ್ದಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದ್ದರಿಂದ ಅವರು, ಯಾವ ಒಂದು ಕಂಪನಿಗೂ ಸೇರದೆ, ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು (ತಾಣವನ್ನು ನಡೆಸುವ ಗಣಕಗಳು) ಕೂಡಿ ಆದ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣಕ್ಕೆ ಹೋಗುವುದೆಂದು ಗೊತ್ತು ಮಾಡಿ, ಉಳಿದ ಸದಸ್ಯರಿಗಾಗಿ ನಾಲ್ಕು ಪುಟದ ಕನ್ನಡ ಕೈಪಿಡಿಯೊಂದನ್ನು ಬರೆದುಕೊಡುವಂತೆ ನನ್ನನ್ನು ಕೇಳಿದರು. ಬರೆಯಲು ಕುಳಿತವನು ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ‘ಸಮುದಾಯ’. ‘ಮಾಸ್ಟೊಡಾನ್ ಕಂಪನಿಯ ತಾಣವಲ್ಲ, ಸಮುದಾಯಗಳು ನಡೆಸುವ ತಾಣ’ ಎಂದು ಬರೆದು ಹಿರಿಯ ಬೆಳೆಗಾರರೊಬ್ಬರಿಗೆ ಓದಲು ಕೊಟ್ಟೆ. ಅವರು ಕನ್ನಡಕ ತೆಗೆದು, ‘ಯಾವ ಸಮುದಾಯದವರದು ಇದು? ನಮ್ಮನ್ನು ಸೇರಿಸಿಕೊಳ್ಳುತ್ತಾರೋ?’ ಎಂದು ಕೇಳಿದರು. ಅವರದು ತಮಾಷೆಯಾಗಿರಲಿಲ್ಲ. ಸಂಸ್ಕೃತದಲ್ಲಿ ಬರಿಯ ಗುಂಪು, ಕೂಟ ಎಂಬ ಅರ್ಥವಿರುವ ಈ ಪದವು ನಮ್ಮ ಪತ್ರಿಕೆಗಳಲ್ಲಿ ‘ಸಮುದಾಯದ ಮುಖಂಡರು’, ‘ಸಮುದಾಯ ಭವನ’ ಎಂದೆಲ್ಲ ಬಳಕೆಯಾಗುತ್ತ ಜಾತಿ ಎಂಬುದರ ಮರ್ಯಾದಸ್ಥ ಹೆಸರಾಗಿಬಿಟ್ಟಿದೆ. ಪೇಟೆ ಪೇಟೆಗೂ ಒಂದೊಂದು ಸಮಾಜದ ಕಟ್ಟಡವಿರುವ ಕೊಡಗಿನಲ್ಲಿ ಓದುಗರ ಮನಸ್ಸು ಬೇರೆ ಕಡೆಗೆ ಹೋಗುವುದಾದರೂ ಹೇಗೆ? ‘ಸಮಾಜ’ ಎಂದು ತಿದ್ದಿದರೆ ಮತ್ತೂ ಕೆಟ್ಟಿತು.

‘ಸಹಕಾರಿ’ ಎನ್ನೋಣವೆಂದರೆ ನಮ್ಮಲ್ಲಿ ಆ ಪದಕ್ಕೆ ಷೇರು, ನೋಂದಣಿ, ಮಹಾಸಭೆ, ಸಾಲದ ಪುಸ್ತಕಗಳೆಲ್ಲ ಅಂಟಿಕೊಂಡಿವೆ. ‘ಸೋಶಿಯಲ್ ಡಾಟ್ ಕೂಪ್’ ಎಂಬ ಮಾಸ್ಟೊಡಾನ್ ಸರ್ವರ್ ಒಂದಿದೆ; ಅದನ್ನು ಸದಸ್ಯರೇ ಚಂದಾ ಕೊಟ್ಟು, ಮತ ಹಾಕಿ ನಡೆಸುತ್ತಾರಾದ್ದರಿಂದ ಅದಕ್ಕೆ ಈ ಪದ ಸರಿಯಾಗಿ ಹೊಂದುತ್ತದೆ. ಆದರೆ ಉಳಿದವುಗಳಲ್ಲಿ ಎಷ್ಟೋ ಸರ್ವರ್‌ಗಳನ್ನು ಒಬ್ಬಿಬ್ಬರು ಉತ್ಸಾಹಿಗಳು ಸ್ವಂತ ಹಣದಿಂದಲೂ ಬಂದ ದೇಣಿಗೆಯಿಂದಲೂ ನಡೆಸುತ್ತಿರುವುದರಿಂದ, ಅವನ್ನು ಸಹಕಾರಿ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಸದ್ಯಕ್ಕೆ ‘ಊರೊಟ್ಟಿನ ತಾಣ’ ಎಂದು ಬರೆದಿದ್ದೇನೆ. ಊರೊಟ್ಟಿನ ಕೆಲಸ ಎಂದಾಗ ಮಾಲೀಕನಿಲ್ಲ, ಹೊಣೆ ಎಲ್ಲರದು, ದುಡ್ಡು ಕೈಯಿಂದ ಕೈಗೆ ಎತ್ತಿದ್ದು ಎಂಬುದೆಲ್ಲ ಒಟ್ಟಿಗೇ ಬರುತ್ತದೆ. ಆದರೆ ಊರೇ ಇಲ್ಲದ ಕಡೆ ಊರೊಟ್ಟು ಎನ್ನಬಹುದೇ ಎಂಬ ಅಳುಕು ನನಗಿದೆ.

ಎರಡನೆಯದು ‘ವಲಸೆ’. 2022ರ ಅಕ್ಟೋಬರ್ 27ರಂದು ಟ್ವಿಟರ್ ಎಲಾನ್ ಮಸ್ಕ್ ಅವರ ಕೈಸೇರಿದ ಬೆನ್ನಲ್ಲೇ ಬಹಳ ಜನ ಅಲ್ಲಿಂದ ಹೊರಟಾಗ ಎಲ್ಲರೂ ಬಳಸಿದ ಪದ ಅದು. ಕೊಡಗಿನಲ್ಲಿ ಮಾತ್ರ ‘ವಲಸೆ’ ಎಂದೊಡನೆ ಕಣ್ಣಿಗೆ ಕಟ್ಟುವುದು ಕಾಫಿ ಕುಯ್ಲಿಗೆ ಅಸ್ಸಾಮಿನಿಂದ ಬಂದು ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆಯಲ್ಲಿ) ಉಳಿಯುವವರು. ಈ ಗೊಂದಲವನ್ನು ಬಿಡಿಸಿದವರು ನನ್ನ ನೆರೆಮನೆಯ ಜೇನು ಸಾಕಣೆಗಾರರು. ಅವರ ಮಾತಿನಲ್ಲಿ ಮೂರು ಬೇರೆ ಪದಗಳಿವೆ. ಹೆಜ್ಜೇನು ಋತು ನೋಡಿ ಹೋಗಿ, ಮರುವರ್ಷ ಅದೇ ಮರಕ್ಕೆ ಬರುವುದು ವಲಸೆ. ಇರುವೆ, ಮೇಣದ ಹುಳು, ಆಹಾರದ ಕೊರತೆಗಳಿಂದ ಬೇಸತ್ತ ತುಡುವೆ ಜೇನು ಪೆಟ್ಟಿಗೆಯನ್ನು ಪೂರ್ತಿ ಬರಿದು ಮಾಡಿ ಹಾರಿಹೋಗುವುದು ಪರಾರಿ. ಹಳೆಯ ರಾಣಿಯ ಜೊತೆಗೆ ಒಂದಷ್ಟು ಹುಳುಗಳು ಹೊರಟು ಬೇರೆಡೆ ನೆಲೆ ಹೂಡಿ, ಉಳಿದವು ಅಲ್ಲಿಯೇ ಹೊಸ ರಾಣಿಯೊಡನೆ ಸಂಸಾರ ಮುಂದುವರಿಸುವುದು ಪಾಲಾಗುವುದು.

ಈ ಮೂರನ್ನೂ ಜಾಲತಾಣಗಳ ಮೇಲಿಟ್ಟು ನೋಡಿದಾಗ ಅವು ಎಷ್ಟು ಸರಿಯಾಗಿ ಕೂರುತ್ತವೆಂದು ಬೆರಗಾದೆ. ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ತಡೆಹಿಡಿದುದನ್ನು ವಿರೋಧಿಸಿ 2019ರ ನವೆಂಬರ್‌ನಲ್ಲಿ ಭಾರತದ ಅನೇಕರು ಮಾಸ್ಟೊಡಾನ್‌ಗೆ ಹೋದರಷ್ಟೆ. ಅವರಲ್ಲಿ ಬಹುಮಂದಿ ಬೇಗನೆ ಹಿಂದಿರುಗಿದ್ದರಿಂದ ಅದು ಹೆಜ್ಜೇನಿನ ವಲಸೆ. 2022ರದು ಪಾಲಾಗುವುದು: ಒಂದು ಭಾಗ ಹೋಯಿತು, ಪೆಟ್ಟಿಗೆ ಬರಿದಾಗಲಿಲ್ಲ. ಇನ್ನು 2020ರಲ್ಲಿ ಕನ್ನಡದಿಂದಲೇ ಆರಂಭವಾದ, ಟ್ವಿಟರ್‌ನಂಥ ಬೆಂಗಳೂರಿನ ಜಾಲತಾಣ ‘ಕೂ’ 2024ರಲ್ಲಿ ಮುಚ್ಚಿದಾಗ ಆದದ್ದು ಇವು ಯಾವುವೂ ಅಲ್ಲ, ಅಲ್ಲಿ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರು. ಅದಕ್ಕೆ ‘ಒಕ್ಕಲೆಬ್ಬಿಸು’ ಎಂಬ ಹಳೆಯ ಪದ ಸಾಕು.

ಒಂದು ತೊಡಕು ಇಲ್ಲದಿಲ್ಲ. ಕನ್ನಡದಲ್ಲಿ ‘ಬೆಂಕಿಯ ಪಾಲಾಯಿತು’, ‘ಪರರ ಪಾಲಾಯಿತು’ ಎನ್ನುವುದುಂಟು. ‘ಬಳಕೆದಾರರು ಮಾಸ್ಟೊಡಾನ್ ಪಾಲಾದರು’ ಎಂದು ಬರೆದರೆ ಅವರು ಯಾವುದೋ ಮೃಗದ ಬಾಯಿಗೆ ಬಿದ್ದರೆಂದು ಓದುಗ ತಿಳಿದಾನು. ಮಾಸ್ಟೊಡಾನ್ ಎಂಬುದು ಅಳಿದುಹೋದ ಆನೆಯಂಥ ಪ್ರಾಣಿಯ ಹೆಸರೂ ಆಗಿರುವುದರಿಂದ ಆ ಅಪಾಯ ಇನ್ನಷ್ಟು ಹೆಚ್ಚು. ‘ಪಾಲಾಗಿ ಹೋದರು’ ಎಂದರೆ ದೋಷ ತಪ್ಪೀತೆಂದು ನನ್ನ ಊಹೆ. ಇಷ್ಟಾಗಿಯೂ ಹೋಗುವವರು ಏನನ್ನು ಒಯ್ಯುತ್ತಾರೆ ಎಂಬುದನ್ನು ಯಾವ ಪದವೂ ಹೇಳುವುದಿಲ್ಲ. ಮಾಸ್ಟೊಡಾನ್‌ನ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಖಾತೆ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಬರೆದ ಬರಹಗಳು ಹಳೆಯ ಸರ್ವರ್‌ನಲ್ಲಿಯೇ ಉಳಿಯುತ್ತವೆ. ಕಂಪನಿಯ ತಾಣದಿಂದ ಬರುವವರಿಗೆ ಹಿಂಬಾಲಕರೂ ಇಲ್ಲ.

ನನ್ನ ಕೋರಿಕೆ ಇಷ್ಟೆ. ಮಲೆನಾಡಿನ, ಕರಾವಳಿಯ ಜೇನು ಸಾಕಣೆಗಾರರೂ ‘ಪಾಲಾಗು’ ಎಂದೇ ಹೇಳುತ್ತಾರೋ, ಅವರಲ್ಲಿ ಬೇರೆ ಮಾತುಂಟೋ ತಿಳಿಸಿರಿ. ‘ಊರೊಟ್ಟು’ ಎಂಬುದು ಬಯಲುಸೀಮೆಯಲ್ಲಿ ದೇವರ ಕಾರ್ಯಕ್ಕೆ ಮಾತ್ರ ಸಲ್ಲುವುದೋ, ಕೆರೆ, ದಾರಿಗಳ ಕೆಲಸಕ್ಕೂ ಸಲ್ಲುವುದೋ ಎಂಬುದನ್ನು ಉದಾಹರಣೆ ಸಹಿತ ಬರೆದರೆ ಉಪಕಾರವಾಗುತ್ತದೆ. ಕೈಪಿಡಿಯನ್ನು ಮುಂದಿನ ಹೂಮಳೆಯ ಮೊದಲು ಅಚ್ಚಿಗೆ ಕೊಡಬೇಕಾಗಿದೆ.